ವರ್ತಕ ಮುದ್ರಕ ಕ್ಯಾಕ್ಸ್ಟನ್

ಇಂಗ್ಲೆಂಡಿನಲ್ಲಿ ಮೊಟ್ಟಮೊದಲು ಮುದ್ರಣಾಲಯವನ್ನು ಸ್ಥಾಪಿಸಿದ ವಿಲಿಯಂ ಕ್ಯಾಕ್ಸ್ಟನ್ ವೃತ್ತಿಯಿಂದ ಜವಳಿ ವರ್ತಕನು. ಕೆಂಟ್ ಪ್ರಾಂತದಲ್ಲಿ ಹುಟ್ಟಿದ ಈತನು 1438ರಲ್ಲಿ ಲಂಡನ್ನಿನ ಧನಿಕ ವ್ಯಾಪಾರಿ ರಾಬರ್ಟ್ ಲಾರ್ಜನ ಬಳಿ ಕೆಲಸ ಕಲಿಯಲು ಸೇರಿದನು. ಅನಂತರ ಕಡಲು ದಾಟಿ ಫ್ಲಾಂಡರ್ಸ್ ನಾಡಿನ ಬ್ರೂಜ್ ನಗರಕ್ಕೆ ಹೋಗಿ, ಅಲ್ಲಿನ ಇಂಗ್ಲಿಷ್ ವರ್ತಕರ ಸಂಘಕ್ಕೆ ಮುಖ್ಯಾಧಿಕಾರಿಯಾದನು.

ಬ್ರೂಜ್ ಆಗ ಯೂರೋಪಿನ ಹೆಸರಾಂತ ಪೇಟೆ. ಊರಿನ ಜನರ ನುಡಿ ಫ್ಲೆಮಿಷ್. ಅರಮನೆಯ ನುಡಿ ಫ್ರೆಂಚ್. ಇಂಗ್ಲಿಷೊಂದನ್ನೇ ಬಲ್ಲವನು ಅಲ್ಲಿ ಬಟ್ಟೆಯ ಬಣ್ಣವನ್ನಾಗಲಿ ಅಳತೆಯನ್ನಾಗಲಿ ಹೆಸರಿಸಲಾರದೆ ಮೂಕನಂತೆ ನಿಲ್ಲಬೇಕಾಗಿತ್ತು.

ಕ್ಯಾಕ್ಸ್ಟನ್ನನು ಟ್ರಾಯ್ ನಗರದ ಕಥೆಯನ್ನು ಫ್ರೆಂಚಿನಿಂದ ಅನುವಾದಿಸಿದಾಗ ಹಲವರು ಅದರ ಪ್ರತಿಗಳನ್ನು ಬಯಸಿದರು. ಬರೆದು ಬರೆದು ಅವನ ಕೈ ಸೋತಿತು, ಕಣ್ಣು ಮಂಜಾಯಿತು. ಕೊನೆಗೆ ಮುದ್ರಣಕಲೆಯನ್ನು ಕಲಿತು, 1476ರಲ್ಲಿ ತಾಯ್ನಾಡಿಗೆ ಮರಳಿ, ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟವನ್ನು ತೆರೆದನು.

ಸುಮಾರು 1480ರಲ್ಲಿ ಅಲ್ಲಿಂದ ಒಂದು ಪುಟ್ಟ ಹೊತ್ತಗೆ ಹೊರಬಂದಿತು. ಪುಟದ ಎಡಕ್ಕೆ ಫ್ರೆಂಚ್, ಬಲಕ್ಕೆ ಇಂಗ್ಲಿಷ್. ಉಣ್ಣೆ, ತೊಗಲು, ಮೀನು, ಹಣ್ಣು, ಸಂಬಾರ ಪದಾರ್ಥ, ಮನೆಯ ಪಾತ್ರೆ ಪಡಗಗಳ ಹೆಸರುಗಳೆಲ್ಲ ಅದರಲ್ಲಿದ್ದವು. ನೇಕಾರ, ಕಮ್ಮಾರ ಮೊದಲಾದ ಕಸಬುದಾರರ ಪ್ರಸ್ತಾಪವೂ ಇತ್ತು. ಬಟ್ಟೆಯ ಬೆಲೆಯನ್ನು ಕೇಳುವ, ಚೌಕಾಸಿ ಮಾಡುವ ಸಂಭಾಷಣೆಯಂತೂ ಬಲು ಸ್ವಾರಸ್ಯವಾದುದು. ಇದರ ಮೂಲ ಬ್ರೂಜಿನ ಹಳೆಯ ಫ್ರೆಂಚ್-ಫ್ಲೆಮಿಷ್ ಪುಸ್ತಕ. ಆದುದರಿಂದಲೇ ಇದರ ಇಂಗ್ಲಿಷಿನಲ್ಲಿ ಅಲ್ಲಲ್ಲಿ ಫ್ಲೆಮಿಷ್ ವಾಸನೆ ಉಳಿದುಕೊಂಡಿದೆ. ವೀರಕಥೆಗಳ ನಡುವೆ ಇಂತಹ ಪದಪಟ್ಟಿ ಅಲ್ಪವೆಂದು ತೋರಬಹುದು. ಆದರೆ ವರ್ತಕನಾಗಿ ಬಾಳಿದವನಿಗೆ ಅದರ ಬೆಲೆ ತಿಳಿದಿತ್ತು.

ಪರಭಾಷೆಯ ಮಾತು ಹಾಗಿರಲಿ, ಸ್ವಂತ ನುಡಿಯೇ ಅವನನ್ನು ಕಾಡಿತು. 1490ರಲ್ಲಿ ಅಚ್ಚಾದ ಒಂದು ಗ್ರಂಥದ ಮುನ್ನುಡಿಯಲ್ಲಿ ಅವನು ಒಂದು ಪ್ರಸಂಗವನ್ನು ಹೇಳಿದ್ದಾನೆ. ಥೇಮ್ಸ್ ನದಿಯಿಂದ ಹೊರಟ ವರ್ತಕರ ಹಡಗು ಗಾಳಿಯಿಲ್ಲದೆ ನಿಂತಿತು. ಅವರಲ್ಲೊಬ್ಬನು ದಡಕ್ಕಿಳಿದು ಒಂದು ಮನೆಯಲ್ಲಿ ಮೊಟ್ಟೆಗಳನ್ನು ಬೇಡಿದನು. ಅವನು ಹೇಳಿದ್ದು ಎಗ್ಸ್ ಎಂಬ ಪದ. ಗೃಹಿಣಿಯು ತನಗೆ ಫ್ರೆಂಚ್ ಬಾರದೆಂದಳು. ಫ್ರೆಂಚಿನ ಗಂಧವೂ ಇಲ್ಲದ ಅವನಿಗೆ ಸಿಟ್ಟು ಬಂದಿತು! ಜೊತೆಗಾರನು ಐರೆನ್ ಎಂದಾಗ ಆಕೆಗೆ ಅರ್ಥವಾಯಿತು. ಎರಡೂ ಇಂಗ್ಲಿಷ್ ಪದಗಳೇ. ಇವುಗಳಲ್ಲಿ ಯಾವುದನ್ನು ಅಚ್ಚಿಸಬೇಕು? ಎಲ್ಲರನ್ನೂ ಮೆಚ್ಚಿಸುವುದು ಕಷ್ಟವೆಂದು ಕ್ಯಾಕ್ಸ್ಟನ್ನನು ಒಪ್ಪಿಕೊಂಡನು. ಆಡುನುಡಿಗೂ ಪಂಡಿತರ ನುಡಿಗೂ ನಡುವಣ ದಾರಿಯನ್ನು ಹಿಡಿದನು.

ಮುಂದಿನ ಒಂದೆರಡು ವರ್ಷಗಳಲ್ಲಿ ಅವನು ತೀರಿಕೊಂಡನು. ಫ್ರೆಂಚಿನಿಂದ ಮಾಡುತ್ತಿದ್ದ ಕಡೆಯ ಅನುವಾದವನ್ನು ತನ್ನ ಬಾಳಿನ ಕೊನೆಯ ದಿನದಂದೇ ಮುಗಿಸಿದನೆಂದು ಅವನ ಶಿಷ್ಯನು ದಾಖಲಿಸಿದ್ದಾನೆ.