ಬಲ್ಮಠದ ಮನೆಯಿಂದ ಆನಂದಪುರದ ಊರಿಗೆ

ಆದಿ ಉಡುಪಿಯಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆಗೆ ಒಂದು ಕ್ರೈಸ್ತ ಕುಟುಂಬವಿದೆ. ಅನೇಕ ವರ್ಷಗಳಿಂದ ಅವರ ಚಾವಡಿಯಲ್ಲಿ ವಾರಕ್ಕೊಮ್ಮೆ ಪ್ರಾರ್ಥನೆ ನಡೆಯುತ್ತ ಬಂದಿದೆ. ಮೊದಲು ಏಳೆಂಟು ಮಂದಿ ಸೇರುತ್ತಿದ್ದರು. ಈಗ ಚಾವಡಿ, ಜಗಲಿ ಎರಡೂ ತುಂಬಿ ಅಂಗಳದಲ್ಲಿ ಕುರ್ಚಿ ಹಾಕುವಂತಾಗಿದೆ. ಕಳೆದ ತಿಂಗಳು ಆ ಮನೆಯ ಯಜಮಾನರು ನನ್ನಲ್ಲಿಗೆ ಬಂದರು. ಪ್ರಾರ್ಥನೆಗೆಂದೇ ಪ್ರತ್ಯೇಕ ಕಟ್ಟಡವೊಂದನ್ನು ಕಟ್ಟುವ ಆಲೋಚನೆಯಿದೆ, ಅದಕ್ಕೆ ಬರೆದ ಮನವಿಪತ್ರದ ಕನ್ನಡವನ್ನು ತಿದ್ದಿಕೊಡಬೇಕು ಎಂಬುದು ಅವರ ಕೋರಿಕೆ. ನಾನು ಕ್ರೈಸ್ತನಲ್ಲ, ನಿವೃತ್ತ ಕನ್ನಡ ಅಧ್ಯಾಪಕ. ತಿದ್ದುವುದು ನನ್ನ ಹಳೆಯ ಕಸುಬು, ಒಪ್ಪಿಕೊಂಡೆ. ಆದರೆ ಎದ್ದು ಹೊರಡುವಾಗ ಅವರು ಇನ್ನೊಂದು ಮಾತು ಕೇಳಿದರು. ಕಟ್ಟಡ ಬೇಡ, ಮನೆಯ ಆತ್ಮೀಯತೆ ಅಲ್ಲಿ ಉಳಿಯುವುದಿಲ್ಲ ಎಂದು ಅವರಲ್ಲೇ ಕೆಲವು ಹಿರಿಯರು ಹೇಳುತ್ತಿದ್ದಾರಂತೆ. ಅವರ ಮನಸ್ಸಿನಲ್ಲಿ ಅಳುಕೂ ಇದೆ. 2008ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು ಜಿಲ್ಲೆಗಳ ಚರ್ಚುಗಳು ಮತ್ತು ಪ್ರಾರ್ಥನಾ ಮಂದಿರಗಳ ಮೇಲೆ ನಡೆದ ದಾಳಿಗಳನ್ನು ಅವರು ಮರೆತಿಲ್ಲ. ಕಟ್ಟುವುದು ಸರಿಯೇ, ತಪ್ಪೇ ಎಂಬುದರ ಬಗ್ಗೆ ನನ್ನ ಅಭಿಪ್ರಾಯ ಅವರಿಗೆ ಬೇಕಾಗಿತ್ತು.

ನನಗೆ ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ರಾತ್ರಿ ಮನವಿಪತ್ರ ತಿದ್ದುತ್ತ ಕುಳಿತಾಗ ಹೆರ್ಮನ್ ಮೋಗ್ಲಿಂಗ್ ನೆನಪಾದರು. ಕನ್ನಡದ ಮೊದಲ ಪತ್ರಿಕೆಯ ಸಂಪಾದಕರೆಂದು ಪ್ರತಿವರ್ಷ ಜುಲೈ 1ರ ಪತ್ರಿಕಾ ದಿನದಂದು ನಾವು ಸ್ಮರಿಸುವ ಮೋಗ್ಲಿಂಗ್. ಅವರು ಬಾಳಿದ ಮನೆಗಳ ಕಡೆಗೆ ನಮ್ಮ ಗಮನ ಅಷ್ಟಾಗಿ ಹೋಗುವುದಿಲ್ಲ. ನನ್ನ ನೆರೆಯವರ ಪ್ರಶ್ನೆಯನ್ನು ಅವರು ಬದುಕಿನುದ್ದಕ್ಕೂ ಒಂದಿಲ್ಲೊಂದು ರೂಪದಲ್ಲಿ ಎದುರಿಸಿದ್ದರು.

ಮೋಗ್ಲಿಂಗ್ ಹುಟ್ಟಿದ್ದು 1811ರ ಮೇ 29ರಂದು, ಜರ್ಮನಿಯ ವ್ಯುರ್ಟೆಂಬೆರ್ಗ್ ಸೀಮೆಯ ಬ್ರಾಕನ್‌ಹೈಮ್ ಎಂಬ ಚಿಕ್ಕ ಊರಿನಲ್ಲಿ. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರ ಓದಿದರು. ತಮ್ಮ ಊರಿನಲ್ಲೇ ಪಾದ್ರಿಯಾಗಿ ನೆಮ್ಮದಿಯಿಂದ ಇರಬಹುದಾಗಿದ್ದ ಅವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಸೇರಿ 1836ರ ಕೊನೆಗೆ ಮಂಗಳೂರು ತಲುಪಿದರು. 1833ರ ಚಾರ್ಟರ್ ಕಾಯಿದೆಯಿಂದಾಗಿ ಬ್ರಿಟಿಷರಲ್ಲದ ಮಿಶನರಿಗಳಿಗೂ ಕಂಪನಿ ಸರ್ಕಾರದ ಸೀಮೆಯ ಬಾಗಿಲು ತೆರೆದಿತ್ತು. ಅದರ ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದು ನೆಲೆ ಮಾಡಿಕೊಂಡಿದ್ದರು. ಆಗ ಮಿಶನ್ ಎಂದರೆ ಹೆಚ್ಚುಕಡಿಮೆ ಅವರಿದ್ದ ಮನೆಯೇ. ಪಾಠ, ಪ್ರಾರ್ಥನೆ, ಊಟ, ಔಷಧಿ ಹಂಚುವ ಕೆಲಸ ಎಲ್ಲವೂ ಒಂದೇ ಸೂರಿನಡಿ ನಡೆಯಬೇಕಿತ್ತು.

ಸ್ಥಳ ಸಾಲದಿದ್ದುದು ಅವರ ಕಾಲದಲ್ಲೂ ತೊಡಕಾಗಿತ್ತು. 1840ರ ಸುಮಾರಿಗೆ ಕೆನರಾ ಜಿಲ್ಲೆಯ ಕಲೆಕ್ಟರ್ ಬ್ಲೇರ್ ಅವರ ನೆರವಿನಿಂದ ಮಂಗಳೂರಿನ ಬಲ್ಮಠ ಗುಡ್ಡದ ಜಾಗ ಮಿಶನ್ನಿಗೆ ದೊರೆಯಿತು. ಮೋಗ್ಲಿಂಗ್ ಮತ್ತು ಅವರ ಬಂಧುವೂ ಗೆಳೆಯರೂ ಆಗಿದ್ದ ಗಾಟ್‌ಫ್ರೀಡ್ ವೈಗ್ಲೆ ಅಲ್ಲಿ ಉಪದೇಶಿಗಳನ್ನು ತಯಾರುಗೊಳಿಸುವ ಶಾಲೆಯನ್ನು ನಡೆಸಿದರು. ಕಟ್ಟಡ ಸಿಕ್ಕಿತೆಂದು ಅವರು ಮನೆಯ ಬಾಳ್ವೆಯನ್ನು ಬಿಡಲಿಲ್ಲ. ವಿದ್ಯಾರ್ಥಿಗಳೊಂದಿಗೆ ಒಂದೇ ಕುಟುಂಬದವರಂತೆ ಬದುಕಿದರು. ದೊರೆಗಳ ಬಂಗಲೆಯಲ್ಲಿದ್ದು ಬಡವರಿಗೆ ಉಪದೇಶ ಮಾಡುವುದು ಮೋಗ್ಲಿಂಗರಿಗೆ ಒಗ್ಗದ ಸಂಗತಿ. ಮಿಶನರಿಗಳು ಸರಳವಾಗಿ, ಇಲ್ಲಿಯ ಜನರ ಹತ್ತಿರ ಬದುಕಬೇಕೆಂದು ಅವರು ವಾದಿಸಿದರು. ಎಲ್ಲ ಸಹೋದ್ಯೋಗಿಗಳಿಗೂ ಅದು ಹಿಡಿಸಲಿಲ್ಲ. ಬಿಳಿಯರು, ಕರಿಯರು ಎಂಬ ಅಂತರವೇ ಆಡಳಿತದ ಆಧಾರವಾಗಿದ್ದ ಕಾಲದಲ್ಲಿ ಇದು ಸಣ್ಣ ಮಾತಾಗಿರಲಿಲ್ಲ.

ಈ ವರ್ಷಗಳಲ್ಲೇ ಅವರ ಕನ್ನಡದ ಕೆಲಸ ಬೆಳೆಯಿತು. 1841ರಲ್ಲಿ ಮಿಶನ್ನಿನ ಕಲ್ಲಚ್ಚು ಮುದ್ರಣಾಲಯ ಮಂಗಳೂರಿನಲ್ಲಿ ಆರಂಭವಾಯಿತು. 1843ರ ಜುಲೈ 1ರಂದು ಮಂಗಳೂರು ಸಮಾಚಾರ ಹೊರಬಿತ್ತು. ನಾಲ್ಕು ಪುಟದ ಆ ಪಾಕ್ಷಿಕ ಧರ್ಮಪ್ರಚಾರಕ್ಕಷ್ಟೇ ಮೀಸಲಾಗಿರಲಿಲ್ಲ. ಊರ ವರ್ತಮಾನ, ಸರಕಾರದ ನಿರೂಪ, ಪರದೇಶದ ಸುದ್ದಿ, ಕತೆ ಎಲ್ಲವೂ ಅದರಲ್ಲಿದ್ದವು. ಮರುವರ್ಷ, ಅಚ್ಚುಮೊಳೆಗಳ ಅನುಕೂಲವಿದ್ದ ಬಳ್ಳಾರಿಗೆ ಪತ್ರಿಕೆಯ ಮುದ್ರಣ ಸ್ಥಳಾಂತರಗೊಂಡು ಅದು ಕನ್ನಡ ಸಮಾಚಾರವಾಯಿತು.

ಬಲ್ಮಠದ ಮನೆಯ ಕತೆಯಲ್ಲಿ ನೋವಿನ ಅಧ್ಯಾಯವೂ ಇದೆ, ಅದನ್ನು ಮುಚ್ಚಿಟ್ಟರೆ ಚರಿತ್ರೆಗೆ ಅಪಚಾರವಾದೀತು. 1844ರ ಜನವರಿಯಲ್ಲಿ ಮಂಗಳೂರಿನ ಮೂವರು ಸಾರಸ್ವತ ಬ್ರಾಹ್ಮಣ ಯುವಕರು ಕ್ರೈಸ್ತ ದೀಕ್ಷೆ ಪಡೆದರು. ಊರಿನಲ್ಲಿ ಕೋಲಾಹಲವೆದ್ದಿತು. ಆ ಮೂವರಲ್ಲಿ ಆನಂದರಾವ್ ಕೌಂಡಿನ್ಯ ಒಬ್ಬರು. ಅವರಿಗೆ ಆಗಲೇ ಮದುವೆಯಾಗಿತ್ತು, ಪತ್ನಿ ಅವರೊಂದಿಗೆ ಬರಲಿಲ್ಲ. ಮಿಶನ್ನಿನ ಮನೆ ಒಬ್ಬ ಯುವಕನಿಗೆ ಆಶ್ರಯ ಕೊಟ್ಟಿತು, ಅದೇ ದಿನ ಇನ್ನೊಂದು ಮನೆ ಮಗನನ್ನು ಕಳೆದುಕೊಂಡಿತು. ಆತನ ಆಯ್ಕೆ ಸ್ವತಂತ್ರವಾಗಿತ್ತೆಂದು ಒಪ್ಪಿದರೂ, ಆ ಮನೆಯ ಹೆಂಗಸರ ದುಃಖಕ್ಕೆ ಯಾವ ವರದಿಯಲ್ಲೂ ಸಾಕಷ್ಟು ಜಾಗ ಸಿಕ್ಕಿಲ್ಲ ಎಂದು ನನಗೆ ಅನ್ನಿಸುತ್ತದೆ. ಮೋಗ್ಲಿಂಗ್ ಕೌಂಡಿನ್ಯರನ್ನು ತಮ್ಮೊಡನೆ ಯುರೋಪಿಗೆ ಕರೆದೊಯ್ದರು. ಕೌಂಡಿನ್ಯರು ಬಾಸೆಲ್ಲಿನಲ್ಲಿ ಶಿಕ್ಷಣ ಪಡೆದು 1851ರಲ್ಲಿ ದೀಕ್ಷಿತ ಪಾದ್ರಿಯಾಗಿ ಮಂಗಳೂರಿಗೆ ಮರಳಿ, ಬಲ್ಮಠದಲ್ಲೇ ಬೋಧಕರಾದರು.

ಮರಳಿ ಬಂದ ಮೋಗ್ಲಿಂಗ್ ಕೈಗೆತ್ತಿಕೊಂಡದ್ದು ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಗ್ರಂಥಮಾಲೆ. ನೀಲಗಿರಿಯಲ್ಲಿ ನೆಲೆಸಿದ್ದ ನಿವೃತ್ತ ಅಧಿಕಾರಿ ಕಾಸಾಮೇಜರ್ ಹಣ ಕೊಟ್ಟರು. 1848ರಿಂದ 1853ರವರೆಗೆ ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ, ಚೆನ್ನಬಸವಪುರಾಣ ಮೊದಲಾದ ಕೃತಿಗಳು ಓಲೆಗರಿಯಿಂದ ಅಚ್ಚಿಗೆ ಬಂದವು. 1850ರಲ್ಲಿ ದಾಸರ ಪದಗಳ ಸಂಗ್ರಹ ಪ್ರಕಟವಾಯಿತು. ಉಡುಪಿಯವನಾದ ನನಗೆ ಇದು ವಿಶೇಷವಾಗಿ ಕಾಣುತ್ತದೆ. ದಾಸರ ಪದಗಳನ್ನು ಮೊದಲಿಗೆ ಪುಸ್ತಕವಾಗಿಸಿದ್ದು ಬಲ್ಮಠದ ಪಾದ್ರಿಯೊಬ್ಬರು. ಒಳಗೆ ಪ್ರವೇಶವಿಲ್ಲದೆ ಹೊರಗೆ ನಿಂತ ಕನಕದಾಸರ ಕಡೆಗೆ ದೇವರೇ ತಿರುಗಿದನೆಂಬ ನಂಬಿಕೆ ನಮ್ಮ ಊರಿನದು. ಕನಕನ ಕಿಂಡಿಯ ಮುಂದೆ ನಿಂತವರಿಗೆಲ್ಲ ಒಂದು ಕಟ್ಟಡ ಯಾರನ್ನು ಒಳಗೆ ಬಿಡುತ್ತದೆ, ಯಾರನ್ನು ಹೊರಗೆ ನಿಲ್ಲಿಸುತ್ತದೆ ಎಂಬ ಪ್ರಶ್ನೆ ಎದುರಾಗಿಯೇ ಆಗುತ್ತದೆ.

ಮೋಗ್ಲಿಂಗರಿಗೆ ಆ ಪ್ರಶ್ನೆ ಎದುರಾದದ್ದು ಕೊಡಗಿನಲ್ಲಿ. 1852ರ ಹೊತ್ತಿಗೆ ದಣಿದಿದ್ದ ಅವರು ಸ್ವದೇಶಕ್ಕೆ ಮರಳುವ ಸಿದ್ಧತೆಯಲ್ಲಿದ್ದರು. ಆಗ ಸನ್ಯಾಸಿಯ ವೇಷದ ಕೊಡವನೊಬ್ಬ ಮಂಗಳೂರಿಗೆ ಅವರನ್ನು ಹುಡುಕಿಕೊಂಡು ಬಂದ. ಆತನೇ ಅಲ್ಮಂಡ ಸೋಮಯ್ಯ. 1853ರ ಜನವರಿಯಲ್ಲಿ ದೀಕ್ಷೆ ಪಡೆದು ಸ್ತೆಫನಾಸ್ ಎಂಬ ಹೆಸರು ಧರಿಸಿದ. ಮೋಗ್ಲಿಂಗ್ ಹಡಗು ಹತ್ತುವ ಬದಲು ಸೋಮಯ್ಯನ ಜೊತೆ ಘಟ್ಟ ಹತ್ತಿದರು. ಕೊಡವರ ಬದುಕಿನಲ್ಲಿ ಐನ್‌ಮನೆ ಬರಿಯ ವಾಸಸ್ಥಳವಲ್ಲ. ಒಕ್ಕದ ಹಿರಿಯರ ಸ್ಮರಣೆ, ಜಮ್ಮಾ ಭೂಮಿಯ ಹಕ್ಕು, ಕುಲದ ಗೌರವ ಎಲ್ಲವೂ ಅದರೊಂದಿಗೆ ಹೆಣೆದುಕೊಂಡಿವೆ. ಅಂಥ ಮನೆಯ ಮಗ ಮತ ಬದಲಿಸಿದಾಗ ಬಂಧುಗಳು ವಿರೋಧಿಸಿದ್ದು ಅರ್ಥವಾಗುವಂಥದ್ದೇ. ಜಾತಿ ಅಥವಾ ಮತ ಕಳೆದುಕೊಂಡವರ ಆಸ್ತಿ ಹಕ್ಕನ್ನು ಕಾಪಾಡುವ ಕಾಯಿದೆಯನ್ನು ಕಂಪನಿ ಸರ್ಕಾರ 1850ರಲ್ಲೇ ತಂದಿತ್ತು. ಆದರೆ ಮನೆಯ ಅಂಗಳದಲ್ಲಿ ಒಡೆದ ಸಂಬಂಧವನ್ನು ಯಾವ ಕಾಯಿದೆ ಕೂಡಿಸೀತು?

ಮುಂದೆ ಮಿಶನ್ನಿನ ಕಡೆಗೆ ಬಂದವರು ಹೆಚ್ಚಾಗಿ ಕೊಡವರಲ್ಲ, ಅವರ ಗದ್ದೆಗಳಲ್ಲಿ ತಲೆತಲಾಂತರದಿಂದ ದುಡಿಯುತ್ತಿದ್ದ, ಅಸ್ಪೃಶ್ಯರೆನಿಸಿಕೊಂಡಿದ್ದ ಭೂಹೀನ ಕೂಲಿಗಳು. ಗುಲಾಮಗಿರಿಗೆ ಕಾನೂನಿನ ಮಾನ್ಯತೆಯನ್ನು 1843ರಲ್ಲೇ ಕಿತ್ತುಹಾಕಿದ್ದರೂ, ಇವರ ಬದುಕಿನಲ್ಲಿ ಅದು ತಂದ ಬದಲಾವಣೆ ಸ್ವಲ್ಪವೇ. ಐನ್‌ಮನೆಯ ಮಗನನ್ನು ಕೇಂದ್ರವಾಗಿಟ್ಟುಕೊಂಡು ಆರಂಭವಾದ ಮಿಶನ್ನಿಗೆ ಈ ಜನರನ್ನು ಒಂದು ಮನೆಯೊಳಗೆ ಕೂಡಿಸಿಕೊಳ್ಳುವುದು ಸಾಧ್ಯವಿರಲಿಲ್ಲ. ಅವರಿಗೆ ತಮ್ಮದೆಂಬ ಮನೆಯೂ ಇರಲಿಲ್ಲ, ನೆಲವೂ ಇರಲಿಲ್ಲ. ಇಲ್ಲಿ ಕೌಂಡಿನ್ಯರು ನೆರವಿಗೆ ಬಂದರು. ತಮ್ಮ ಹಣ ತೊಡಗಿಸಿ ಕೊಡಗಿನಲ್ಲಿ ಭೂಮಿ ಕೊಂಡು ಕಾಫಿ ತೋಟಕ್ಕೆ ಕೈಹಾಕಿದರು. 1850ರ ದಶಕ ಮುಗಿಯುವುದರೊಳಗೆ ಅಲ್ಲಿ ಒಂದು ಊರೇ ಎದ್ದಿತು. ಅದೇ ಆನಂದಪುರ. ಗುಡಿಸಲು, ದುಡಿಮೆ, ಪಾಠ, ಆರಾಧನೆ ಎಲ್ಲವೂ ಅಲ್ಲಿ ಒಟ್ಟಿಗೇ ಸೇರಿದ್ದವು.

ಇದನ್ನು ಬರಿಯ ಪುಣ್ಯಕತೆಯಾಗಿ ಓದಬೇಕಿಲ್ಲ. ಆನಂದಪುರದಲ್ಲಿ ಕೂಲಿ ಕೊಡುವವರೂ ಪ್ರಾರ್ಥನೆ ನಡೆಸುವವರೂ ಒಂದೇ ಬಳಗದವರಾಗಿದ್ದರು. ಅನ್ನ ಕೊಡುವ ಕೈ ಮತ್ತು ಆಶೀರ್ವದಿಸುವ ಕೈ ಒಂದೇ ಆದಾಗ ನಂಬಿಕೆ ಎಷ್ಟು, ಅವಲಂಬನೆ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. 1865ರಲ್ಲಿ ಮಂಗಳೂರಿನಲ್ಲೂ 1886ರಲ್ಲಿ ನಮ್ಮ ಮಲ್ಪೆಯಲ್ಲೂ ಹೆಂಚಿನ ಕಾರ್ಖಾನೆಗಳನ್ನು ತೆರೆದ ಬಾಸೆಲ್ ಮಿಶನ್ ಈ ಗೊಂದಲವನ್ನು ದೀರ್ಘಕಾಲ ಹೊತ್ತು ನಡೆಯಿತು. ಹಾಗಿದ್ದರೂ ಮನೆಯಿಲ್ಲದವನಿಗೆ ಮನೆಯನ್ನೂ ಕೆಲಸವಿಲ್ಲದವನಿಗೆ ಕೆಲಸವನ್ನೂ ಕೊಡದೆ ಆರಾಧನೆಗೆ ಮಾತ್ರ ಗೋಡೆ ಎಬ್ಬಿಸುವುದು ಅರ್ಧ ಕೆಲಸವೆಂದು ಮೋಗ್ಲಿಂಗ್ ಕಂಡುಕೊಂಡಿದ್ದರು. ಉಡುಪಿಯಲ್ಲಿ 1923ರಲ್ಲಿ ಡಾ. ಇವಾ ಲೊಂಬಾರ್ಡ್ ಹೆಂಗಸರು ಮಕ್ಕಳಿಗಾಗಿ ಆರಂಭಿಸಿದ ಆಸ್ಪತ್ರೆಯೂ ಇದೇ ದಾರಿಯಲ್ಲಿ ಬಂದದ್ದು. ಅಲ್ಲಿ ಜನಿಸಿದ ಎಲ್ಲ ಮತದವರೂ ನಮ್ಮ ಬೀದಿಯಲ್ಲಿದ್ದಾರೆ.

ಮೋಗ್ಲಿಂಗರ ಖಾಸಗಿ ಬದುಕಿನಲ್ಲಿ ಮನೆ ಎಂಬುದು ತಡವಾಗಿ ಬಂತು. 1855ರಲ್ಲಿ ವೈಗ್ಲೆ ತೀರಿಕೊಂಡರು. ಅವರ ವಿಧವೆ ಪೌಲಿನಾರನ್ನು ಮೋಗ್ಲಿಂಗ್ ವಿವಾಹವಾದರು. ಅದೇ 1855ರಲ್ಲಿ ಕೊಡಗಿನ ಕುರಿತ ಅವರ ಇಂಗ್ಲಿಷ್ ಗ್ರಂಥ ಪ್ರಕಟವಾಯಿತು. 1858ರಲ್ಲಿ ಕನ್ನಡ ಸೇವೆಗಾಗಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಆದರೆ ಪತ್ನಿಯ ಆರೋಗ್ಯ ಕೆಟ್ಟದ್ದರಿಂದ 1860ರಲ್ಲಿ ಅವರು ಭಾರತವನ್ನು ಬಿಡಬೇಕಾಯಿತು. ಬಲ್ಮಠದಲ್ಲಿ ಇಂದು ನಾವು ನೋಡುವ ಶಾಂತಿ ದೇವಾಲಯ ಎದ್ದದ್ದು ಆ ಬಳಿಕ, 1860ರ ದಶಕದಲ್ಲಿ. ಅದರಲ್ಲಿ ಬೋಧಿಸುವ ಅವಕಾಶ ಅವರಿಗೆ ಬರಲಿಲ್ಲ. ಜರ್ಮನಿಯಲ್ಲಿ ಕುಳಿತು ದಾಸರ ಪದಗಳನ್ನು, ಜೈಮಿನಿ ಭಾರತದ ಭಾಗಗಳನ್ನು ಜರ್ಮನ್ ಭಾಷೆಗೆ ತಂದರು. 1881ರ ಮೇ 10ರಂದು ಎಸ್‌ಲಿಂಗನ್ ಎಂಬ ಊರಿನಲ್ಲಿ ನಿಧನರಾದರು. ಭಾರತಕ್ಕೆ ಮರಳಿ ಬರಲಾಗಲಿಲ್ಲ.

ಈ ಬದುಕನ್ನು ಮತ್ತೆ ನೆನೆದಾಗ ನನಗೆ ಒಂದು ಸಂಗತಿ ಸ್ಪಷ್ಟವಾಯಿತು. ಮೋಗ್ಲಿಂಗ್ ಮನೆಯನ್ನೂ ನಂಬಿದರು, ಕಟ್ಟಡವನ್ನೂ ನಂಬಿದರು. ಆದರೆ ಜನ ಹೆಚ್ಚಾದರು ಎಂಬುದಷ್ಟೇ ಅವರಿಗೆ ಕಟ್ಟಲು ಕಾರಣವಾಗಿರಲಿಲ್ಲ. ಮನೆಯೊಳಗೆ ಬರಲಾಗದವರಿಗಾಗಿ ಅವರು ಕಟ್ಟಿದರು. ಮನೆ ಎಷ್ಟೇ ಆತ್ಮೀಯವಾಗಿದ್ದರೂ ಅದು ಒಂದು ಕುಟುಂಬದ ಸೊತ್ತು. ಯಜಮಾನನ ಜಾತಿ, ಅಂತಸ್ತು, ಸಂಬಂಧಗಳು ಅದರ ಹೊಸ್ತಿಲಿಗೆ ಅಂಟಿಕೊಂಡಿರುತ್ತವೆ. ಪರಿಚಯವಿಲ್ಲದ ಬಡವ ಗೇಟಿನವರೆಗೆ ಬಂದು ಹಿಂದಿರುಗಿಯಾನು. ಎಲ್ಲರಿಗೂ ಸೇರಿದ ಜಾಗ ಬೇಕಾಗುವುದು ಆಗ. ಅಂಥ ಜಾಗವನ್ನು ಕಟ್ಟುವವರಿಗೆ ನೆರೆಹೊರೆಯವರಲ್ಲಿ ಮುಚ್ಚುಮರೆಯಿಲ್ಲದೆ ಮಾತಾಡುವ ಹೊಣೆಯಿದೆ. ಭೂಪರಿವರ್ತನೆ, ನಗರಸಭೆಯ ಪರವಾನಗಿ, ವಾಹನ ನಿಲುಗಡೆ, ಧ್ವನಿವರ್ಧಕ ಇವುಗಳನ್ನೆಲ್ಲ ಮೊದಲೇ ಸರಿಪಡಿಸಿಕೊಳ್ಳಬೇಕು. ನೆರೆಯವರಾದ ನಮಗೂ ಹೊಣೆಯಿದೆ. ಕಾನೂನಿನ ಪ್ರಕಾರ ಕಟ್ಟುವವರು ಅಂಜಿಕೊಂಡು ಕಟ್ಟುವ ಸ್ಥಿತಿ ಬಾರದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ಮರುದಿನ ಬೆಳಿಗ್ಗೆ ಅವರು ಬಂದಾಗ ತಿದ್ದಿದ ಮನವಿಪತ್ರ ಕೊಟ್ಟೆ. ಪತ್ರದಲ್ಲಿ ಕಟ್ಟಡದ ಅಳತೆ, ಖರ್ಚು, ಕುರ್ಚಿಗಳ ಸಂಖ್ಯೆ ಎಲ್ಲವೂ ಇದ್ದವು. ಅದು ಯಾರಿಗಾಗಿ ಎಂಬ ಒಂದು ವಾಕ್ಯ ಮಾತ್ರ ಇರಲಿಲ್ಲ. ಆ ಜಾಗವನ್ನು ಖಾಲಿ ಬಿಟ್ಟು, ಈಗ ನಿಮ್ಮ ಮನೆಗೆ ಬರಲಾಗದವರು ಯಾರು ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮಲ್ಪೆ ಬಂದರಿನಲ್ಲಿ ದುಡಿಯುವ, ಉತ್ತರ ಕರ್ನಾಟಕದ ಕಡೆಯಿಂದ ಬಂದ ಕೆಲವು ಕುಟುಂಬಗಳಿವೆಯಂತೆ. ಕರೆದರೂ ಅಂಗಳದ ಅಂಚಿನಲ್ಲೇ ನಿಲ್ಲುತ್ತಾರೆ, ಮಳೆ ಬಂದರೆ ಹೊರಟುಹೋಗುತ್ತಾರೆ ಎಂದರು. ಅವರ ಮಕ್ಕಳಿಗೆ ಸಂಜೆ ಓದಲು ಬೆಳಕಿರುವ ಒಂದು ಕೋಣೆಯೂ ಇಲ್ಲವೆಂಬುದು ಮಾತಿನ ನಡುವೆ ಬಂತು. ಹಿರಿಯರೊಂದಿಗೆ ಮತ್ತೊಮ್ಮೆ ಕುಳಿತು ಯೋಚಿಸುತ್ತೇವೆ ಎಂದು ಹೇಳಿ ಅವರು ಪತ್ರವನ್ನು ಮಡಚಿಕೊಂಡು ಹೋದರು. ಖಾಲಿ ಬಿಟ್ಟ ಆ ಸಾಲನ್ನು ಅವರೇ ಬರೆಯಬೇಕು.