ಸರ್ ಥಾಮಸ್ ಮನ್ರೋ

ಭೂಮಿಯ ಯೋಗ್ಯತೆಯನ್ನು ಅಳೆದು ಕಂದಾಯವನ್ನು ಗೊತ್ತುಪಡಿಸುವುದು ರಾಜ್ಯಭಾರದ ಕಠಿನ ಕಾರ್ಯಗಳಲ್ಲೊಂದು. ಕಂದಾಯ ಮಿತಿಮೀರಿದರೆ ರೈತನು ನೇಗಿಲನ್ನು ಕೆಳಗಿಟ್ಟು ಊರು ಬಿಡುತ್ತಾನೆ. ತೀರ ಇಳಿದರೆ ಬೊಕ್ಕಸ ಬರಿದಾಗುತ್ತದೆ. ತಾನೇ ವಿಧಿಸಿದ ಕಂದಾಯ ಹೆಚ್ಚಾಯಿತೆಂದು ಮನಗಂಡು, ಅದನ್ನು ಇಳಿಸುವುದಕ್ಕಾಗಿ ತನ್ನ ಸರಕಾರದೊಡನೆಯೇ ವಾದಿಸಿದ ಅಧಿಕಾರಿಯೊಬ್ಬನಿದ್ದನು. ಅವನೇ ಥಾಮಸ್ ಮನ್ರೋ.

ಮನ್ರೋ 1761ನೆಯ ಮೇ 27ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜನಿಸಿದನು. ಅಮೆರಿಕದೊಡನೆ ವ್ಯಾಪಾರ ನಡೆಸುತ್ತಿದ್ದ ಅವನ ತಂದೆ, ಅಲ್ಲಿನ ಸ್ವಾತಂತ್ರ್ಯ ಯುದ್ಧದಿಂದಾಗಿ ನಷ್ಟಕ್ಕೀಡಾದನು. ಹೀಗಾಗಿ ಮಗನು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಸೇರಿ 1780ರಲ್ಲಿ ಮದರಾಸಿಗೆ ಬಂದನು. 1792ರಿಂದ ಏಳು ವರ್ಷ ಬಾರಾಮಹಲ್ ಸೀಮೆಯಲ್ಲಿ ಅಲೆಕ್ಸಾಂಡರ್ ರೀಡನ ಕೈಕೆಳಗೆ ದುಡಿದು ಕಂದಾಯದ ಕೆಲಸವನ್ನು ಕಲಿತನು.

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಕನ್ನಡ ಜಿಲ್ಲೆ ಮತ್ತು ಸೋಂದೆಯ ಸೀಮೆಗಳು ಕಂಪನಿಯ ವಶವಾದವು. ಮನ್ರೋ ಅವುಗಳ ಕಲೆಕ್ಟರನಾದನು. ಕರಾವಳಿಯಷ್ಟೇ ಅಲ್ಲದೆ, ಇಂದು ಟಿಬೆಟನ್ ಕಾಲೊನಿ ಇರುವ ಮುಂಡಗೋಡು ಮುಂತಾದ ಘಟ್ಟದ ಮೇಲಿನ ಕಾಡುಸೀಮೆಯೂ ಅವನ ಆಡಳಿತಕ್ಕೆ ಸೇರಿತು. ಕಂದಾಯದ ಇತ್ಯರ್ಥಕ್ಕಾಗಿ ಕರೆದಾಗ ಕನ್ನಡ ಜಿಲ್ಲೆಯ ರೈತರು ಒಗ್ಗಟ್ಟಾಗಿ ಕಚೇರಿಗೆ ಬರಲು ನಿರಾಕರಿಸಿದರು. ಅದು ಅವರು ಹೂಡಿದ ತಕರಾರು.

ಈ ತಕರಾರಿಗೆ ಆಧಾರವೇನೆಂಬುದನ್ನು ಮನ್ರೋ ಹಳೆಯ ಲೆಕ್ಕಗಳಲ್ಲಿ ಹುಡುಕಿದನು. ಶಾನುಭೋಗರು ಕಾಪಾಡಿಕೊಂಡು ಬಂದಿದ್ದ ಕಪ್ಪು ಕಡತಗಳನ್ನು ತರಿಸಿ ಪರಿಶೀಲಿಸಿದನು. ಇಲ್ಲಿನ ಭೂಮಿ ಅರಸನದಲ್ಲ, ಒಕ್ಕಲಿನ ಸ್ವಂತ ಆಸ್ತಿ ಎಂಬುದು ಅವನಿಗೆ ಸ್ಪಷ್ಟವಾಯಿತು. ವಿಜಯನಗರದ ಕಾಲದಲ್ಲಿ ಕಂದಾಯ ಹಗುರವಾಗಿತ್ತು. ಕೆಳದಿಯ ಅರಸರಿಂದ ಮೊದಲುಗೊಂಡು ಟಿಪ್ಪುವಿನವರೆಗೆ ಶಿಸ್ತಿನ ಮೇಲೆ ಶಾಮೀಲು ಎಂಬ ಹೆಚ್ಚುವರಿ ಬೆಳೆಯುತ್ತ ಬಂದಿತ್ತು. ರೈತರ ತಕರಾರಿನಲ್ಲಿ ನ್ಯಾಯವಿದೆಯೆಂದು ಅರಿತ ಮನ್ರೋ ಭಾರವನ್ನು ತಗ್ಗಿಸಬೇಕೆಂದು 1800ರಲ್ಲಿ ಮೇಲಧಿಕಾರಿಗಳಿಗೆ ವರದಿ ಮಾಡಿದನು.

ಅದೇ ವರ್ಷ ನಿಜಾಮನು ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟನು. ಅಲ್ಲಿಗೆ ವರ್ಗವಾದ ಮನ್ರೋ ಊರೂರಿನ ಪೈಮಾಶಿಯನ್ನು ಕೈಗೊಂಡನು. ಮೂವತ್ತಮೂರು ಅಡಿಗಳ ಸರಪಳಿಯಿಂದ ಹೊಲಗಳನ್ನು ಅಳೆದರು. ಆ ಸರಪಳಿಯ ಒಂದು ಚದರವೇ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಇಂದಿಗೂ ನಮ್ಮ ಪಹಣಿಗಳಲ್ಲಿ ವಿಸ್ತೀರ್ಣವನ್ನು ಎಕರೆ, ಗುಂಟೆಗಳಲ್ಲಿಯೇ ಬರೆಯುತ್ತಾರೆ. ಒಬ್ಬರು ಅಳೆದುದನ್ನು ತಪಾಸಣೆಗಾರರು ಪುನಃ ಪರೀಕ್ಷಿಸುತ್ತಿದ್ದರು. ಬಳಿಕ ಗೌಡ, ಶಾನುಭೋಗ ಹಾಗೂ ರೈತರ ಸಮಕ್ಷಮದಲ್ಲಿ ಖುಷ್ಕಿ, ತರಿ, ಬಾಗಾಯ್ತು ಎಂದು ವಿಂಗಡಿಸಿ, ಮಣ್ಣಿನ ಗುಣವನ್ನು ನೋಡಿ ದರ ಕಟ್ಟುತ್ತಿದ್ದರು. ದರ ಹೆಚ್ಚಾಯಿತೆಂದು ದೂರು ಬಂದರೆ ಮರುವಿಚಾರಣೆ ನಡೆಯುತ್ತಿತ್ತು. ಕಂದಾಯವನ್ನು ನಡುವಿನ ಜಮೀನ್ದಾರನ ಮೂಲಕವಲ್ಲದೆ ನೇರವಾಗಿ ರೈತನೊಡನೆ ಗೊತ್ತುಮಾಡುವ ಈ ಕ್ರಮಕ್ಕೆ ರೈತವಾರಿ ಪದ್ಧತಿಯೆಂದು ಹೆಸರು.

ಅಳತೆ ಸರಿಯಾಗಿದ್ದ ಮಾತ್ರಕ್ಕೆ ಕಂದಾಯ ನ್ಯಾಯವಾಗಲಿಲ್ಲ. ಸರಕಾರ ಬಯಸಿದ ಮೊತ್ತವನ್ನು ಕೂಡಿಸಬೇಕಾಗಿದ್ದುದರಿಂದ, ದರವು ಒಟ್ಟು ಬೆಳೆಯ ನೂರಕ್ಕೆ ಸುಮಾರು 45 ಪಾಲಿನಷ್ಟಾಗಿತ್ತು. ಸರಕಾರದ ಪಾಲು ಮೂರರಲ್ಲಿ ಒಂದನ್ನು ಮೀರಬಾರದು. ಆದುದರಿಂದ ದರದಲ್ಲಿ ನೂರಕ್ಕೆ 25ರಷ್ಟನ್ನು ಇಳಿಸಬೇಕು ಎಂದು ಮನ್ರೋ 1807ರಲ್ಲಿ ಬರೆದು ಕಳುಹಿಸಿದನು. ರೈತನಿಗೆ ಲಾಭವುಳಿದರೆ ಮಾತ್ರ ಭೂಮಿಗೆ ಬೆಲೆ ಬರುವುದೆಂಬುದು ಅವನ ವಾದವಾಗಿತ್ತು. ಸರಕಾರ ಒಪ್ಪಲಿಲ್ಲ. ಮನ್ರೋ ಇಂಗ್ಲೆಂಡಿಗೆ ತೆರಳಿದ ಮೇಲೆ ಅಲ್ಲಿ ಗ್ರಾಮಗಳನ್ನು ಗುತ್ತಿಗೆಗೆ ಕೊಡುವ ಪದ್ಧತಿ ಬಂದು ಬಹಳ ಜನ ಕಷ್ಟಕ್ಕೀಡಾದರು.

1814ರಲ್ಲಿ ಮನ್ರೋ ಹಿಂದಿರುಗಿದನು. 1820ರಲ್ಲಿ ಮದರಾಸಿನ ಗವರ್ನರನಾದನು. ಹದಿಮೂರು ವರ್ಷಗಳ ಹಿಂದೆ ತಿರಸ್ಕೃತವಾಗಿದ್ದ ಇಳಿತಾಯವನ್ನು ಅವನೇ ಆಜ್ಞೆಯ ಮೂಲಕ ಜಾರಿಗೆ ತಂದನು. 1827ರಲ್ಲಿ ತಾಯ್ನಾಡಿಗೆ ಮರಳುವ ಮುನ್ನ ಆ ಸೀಮೆಯ ಜನರನ್ನು ಬೀಳ್ಕೊಳ್ಳಲು ಸಂಚಾರ ಹೊರಟಾಗ, ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾ ರೋಗದಿಂದ ತೀರಿಕೊಂಡನು.

ಮಂತ್ರಾಲಯದ ಮಠದ ಇನಾಮು ಭೂಮಿಯ ವಿಚಾರಣೆಗೆ ಬಂದ ಮನ್ರೋವಿಗೆ ರಾಘವೇಂದ್ರಸ್ವಾಮಿಗಳು ದರ್ಶನವಿತ್ತರೆಂದೂ, ಆ ಭೂಮಿ ಮಠಕ್ಕೇ ಉಳಿಯಿತೆಂದೂ ಭಕ್ತರು ನಂಬುತ್ತಾರೆ. ರಾಯಲಸೀಮೆಯ ಜನರು ತಮ್ಮ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟುದೂ ಉಂಟು. ಮನ್ರೋ ಪರರಾಜ್ಯದ ಸೇವಕನೇ ಆಗಿದ್ದನು. ಅವನು ಇಳಿಸಿದ ಮೇಲೂ ಕಂದಾಯ ಹಗುರವಾಗಿರಲಿಲ್ಲ. ಆದರೂ ರೈತನ ತಕರಾರನ್ನು ದಂಗೆಯೆಂದು ತಳ್ಳಿಹಾಕದೆ, ಅದನ್ನು ಲೆಕ್ಕದ ಪುಸ್ತಕದಲ್ಲಿ ಪರೀಕ್ಷಿಸಿ ನೋಡಿದುದು ಅವನ ಹಿರಿಮೆ.