ನಾಲ್ವಡಿಯವರು ಮತ್ತು ನಾಡಿನ ಆರೋಗ್ಯ

ಮೈಸೂರು ಸಂಸ್ಥಾನವನ್ನು ಆಳಿದ ಅರಸರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಚಿರಸ್ಮರಣೀಯವಾದುದು. ಅವರು 1884ರ ಜೂನ್ 4ರಂದು ಮೈಸೂರಿನಲ್ಲಿ ಜನಿಸಿದರು. ಹತ್ತು ವರ್ಷದ ಬಾಲಕರಾಗಿದ್ದಾಗಲೇ ತಂದೆ ಚಾಮರಾಜೇಂದ್ರ ಒಡೆಯರನ್ನು ಕಳೆದುಕೊಂಡರು. ತಾಯಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿ ರಾಜ್ಯಭಾರವನ್ನು ನಿರ್ವಹಿಸಿದರು. 1898ರಲ್ಲಿ ಪ್ಲೇಗು ಸಂಸ್ಥಾನಕ್ಕೆ ಕಾಲಿಟ್ಟು ಸಾವಿರಾರು ಮನೆಗಳಲ್ಲಿ ದುಃಖವನ್ನು ತುಂಬಿತು. ರೋಗವು ನಾಡನ್ನು ಹೇಗೆ ನಡುಗಿಸಬಲ್ಲದೆಂಬುದನ್ನು ಎಳೆಯ ಅರಸರು ಹೀಗೆ ಕಣ್ಣಾರೆ ಕಂಡರು.

1902ರ ಆಗಸ್ಟ್ 8ರಂದು ಅವರು ಅಧಿಕಾರವನ್ನು ವಹಿಸಿಕೊಂಡರು. ಶಿವನಸಮುದ್ರದ ವಿದ್ಯುತ್ತು, ಕನ್ನಂಬಾಡಿಯ ಅಣೆಕಟ್ಟು, 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯ ಇವು ಅವರ ಆಳ್ವಿಕೆಯ ಕೀರ್ತಿಸ್ತಂಭಗಳು. ಜನರ ಆರೋಗ್ಯದ ಕಡೆಗೂ ಅವರ ಸರ್ಕಾರ ಗಮನ ಹರಿಸಿತು. 1935ರಲ್ಲಿ ಬೆಂಗಳೂರಿನಲ್ಲಿ ಹೆಂಗಸರಿಗೂ ಮಕ್ಕಳಿಗೂ ವಾಣಿವಿಲಾಸ ಆಸ್ಪತ್ರೆ ಆರಂಭವಾಯಿತು. ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ 1929ರಲ್ಲಿ ಮಂಡ್ಯದಲ್ಲಿ ಗ್ರಾಮಾರೋಗ್ಯ ಕೇಂದ್ರವೊಂದು ತೆರೆಯಿತು. ಮುಂದಿನ ದಶಕದಲ್ಲಿ, ಆಗ ಕ್ಲೋಸ್‌ಪೇಟೆ ಎನಿಸಿದ್ದ ರಾಮನಗರದಲ್ಲಿಯೂ ಅಂತಹ ಕಾರ್ಯ ನಡೆಯಿತು. ರೋಗಿಯು ಆಸ್ಪತ್ರೆಗೆ ಬರುವವರೆಗೆ ಕಾಯದೆ, ರೋಗ ಬಾರದಂತೆ ಊರಿಗೇ ಹೋಗಿ ತಿಳಿವಳಿಕೆ ನೀಡಬೇಕೆಂಬುದೇ ಇಂತಹ ಕೇಂದ್ರಗಳ ಉದ್ದೇಶವಾಗಿತ್ತು.

ಆ ಕಾಲದಲ್ಲಿ ಜನರು ಅಂಜುತ್ತಿದ್ದುದು ಪ್ಲೇಗು, ಕಾಲರಾ, ಮಲೇರಿಯಾಗಳಿಗೆ. ಹೃದ್ರೋಗದ ಮಾತು ಅಪರೂಪವಾಗಿತ್ತು. ಅರಸರು ಕುದುರೆ ಸವಾರಿಯಲ್ಲಿ ನಿಪುಣರು. ಪೋಲೋ ಆಟದಲ್ಲಿ ಆಸಕ್ತರು. ಆದರೂ 1940ರ ಮಾರ್ಚಿಯಲ್ಲಿ ತಮ್ಮನನ್ನು ಕಳೆದುಕೊಂಡ ಅವರು, ಅದೇ ವರ್ಷದ ಆಗಸ್ಟ್ 3ರಂದು ಬೆಂಗಳೂರಿನ ಅರಮನೆಯಲ್ಲಿ ಹೃದಯಾಘಾತದಿಂದ ನಿಧನರಾದರು. ಆಗ ಅವರ ವಯಸ್ಸು 56. ಆಸ್ಪತ್ರೆಗಳನ್ನು ಕಟ್ಟಿಸಿದ ದೊರೆಗೂ ಆ ಆಘಾತವನ್ನು ತಡೆಯುವ ಉಪಾಯ ಅಂದಿನ ವೈದ್ಯರಲ್ಲಿ ಇರಲಿಲ್ಲ.

ಆ ತಿಳಿವಳಿಕೆ ಬಂದುದು ತರುವಾಯ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ ಸಾವಿರಾರು ಜನರನ್ನು 1948ರಿಂದ ಮೊದಲ್ಗೊಂಡು ಅನೇಕ ವರ್ಷಗಳ ಕಾಲ ಪರೀಕ್ಷಿಸಿದಾಗ, ರಕ್ತದೊತ್ತಡ, ಧೂಮಪಾನ, ರಕ್ತದಲ್ಲಿನ ಅಧಿಕ ಕೊಬ್ಬು ಇವು ಹೃದಯಕ್ಕೆ ಅಪಾಯಕಾರಿ ಎಂಬುದು ಸ್ಪಷ್ಟವಾಯಿತು.

ಇಂದು ಹೃದಯ ಮತ್ತು ರಕ್ತನಾಳಗಳ ರೋಗದಿಂದ ಸಾಯುವವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನರು ಬಡ ಹಾಗೂ ಮಧ್ಯಮ ಆದಾಯದ ದೇಶಗಳವರು. ಸಿರಿವಂತರ ಕಾಯಿಲೆಯೆಂಬ ಹಳೆಯ ಮಾತು ಸುಳ್ಳಾಗಿದೆ. ರಾಮನಗರದಲ್ಲಿ ನೂಲು ಬಿಚ್ಚುವವರು, ಚನ್ನಪಟ್ಟಣದ ಬೊಂಬೆ ಕೆಲಸಗಾರರು, ಕನಕಪುರ ಮತ್ತು ಮಾಗಡಿಯ ರೈತರು, ಯಾರೂ ಇದಕ್ಕೆ ಹೊರತಲ್ಲ. ರಕ್ತದೊತ್ತಡ ಏರಿದ್ದರೂ ಬಹುಕಾಲ ಯಾವ ನೋವೂ ಕಾಣದಿರಬಹುದು. ಅಳೆದು ನೋಡಿದರೆ ಮಾತ್ರ ತಿಳಿಯುತ್ತದೆ. ಬೀಡಿ, ಹೊಗೆಸೊಪ್ಪುಗಳನ್ನು ಬಿಡುವುದು, ಉಪ್ಪು ಕಡಮೆ ಮಾಡುವುದು, ದಿನವೂ ನಡೆಯುವುದು ಹಣ ಬೇಡದ ರಕ್ಷಣೆಗಳು. ಎದೆಯನ್ನು ಹಿಂಡಿದಂತಾಗಿ, ನೋವು ತೋಳಿಗೋ ದವಡೆಗೋ ಹರಡಿ, ಬೆವರು ಕಿತ್ತು ಬಂದರೆ ಅದನ್ನು ವಾಯುವೆಂದು ಭಾವಿಸಿ ಮನೆಯಲ್ಲಿ ಕಾಯಬಾರದು. ಒಡನೆಯೇ ಆಸ್ಪತ್ರೆಗೆ ಹೋಗಬೇಕು.

ನಾಲ್ವಡಿಯವರ ಕಾಲದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಹೇಳಿದಂತೆ, ಈ ವಿಷಯವನ್ನೂ ಮನೆಮನೆಗೆ ಮುಟ್ಟಿಸಬೇಕಾಗಿದೆ. ಶಾಲೆಯಲ್ಲಿ ಓದುವ ಮಕ್ಕಳು ತಮ್ಮ ಮನೆಯ ಹಿರಿಯರನ್ನು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ರಕ್ತದೊತ್ತಡವನ್ನು ಪರೀಕ್ಷಿಸಿಸಿದರೆ, ಪ್ರಜೆಗಳ ಹಿತವನ್ನು ಬಯಸಿದ ಆ ಅರಸರಿಗೆ ಸಲ್ಲಿಸಿದ ಗೌರವ ಅದೇ ಆಗುತ್ತದೆ.